ಜ್ವರ ಬಂದರೆ ಲೈನ್ ನಿಲ್ಲಬೇಕೆ?

ಮಳೆಗಾಲದ ಒಂದು ಸೋಮವಾರ, ಬೆಳಿಗ್ಗೆ ಎಂಟೂಮುಕ್ಕಾಲು. ಮೈಸೂರು ರಸ್ತೆಯಲ್ಲೋ ಬೊಮ್ಮನಹಳ್ಳಿಯಲ್ಲೋ ಇರುವ ಯಾವುದಾದರೂ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು. ರಾಮನಗರ, ಮಾಗಡಿ, ಕನಕಪುರದ ಕಡೆಯಿಂದ ಬಂದ ವ್ಯಾನುಗಳು ಹೆಂಗಸರನ್ನು ಇಳಿಸಿ ತಿರುಗುತ್ತಿವೆ. ಒಳಗೆ ಟ್ಯೂಬ್‌ಲೈಟುಗಳ ಕೆಳಗೆ ಹೊಲಿಗೆ ಯಂತ್ರಗಳು ಒಂದರ ಹಿಂದೊಂದು. ಕಾಲರ್ ಕೂರಿಸುವವರು ಮುಗಿಸಿ ಕೊಟ್ಟರಷ್ಟೇ ತೋಳು ಹಚ್ಚುವವರಿಗೆ ಕೆಲಸ, ಅವರು ಮುಗಿಸಿದರಷ್ಟೇ ಗುಂಡಿ ಹಾಕುವವರಿಗೆ. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನ ಮೇಲೆ ಟಾರ್ಗೆಟ್ ಬರೆದಾಗಿದೆ. ಮೂರನೆಯ ಲೈನಿನ ಒಬ್ಬಾಕೆಗೆ ರಾತ್ರಿಯೆಲ್ಲ ಮೈಕೈ ನೋವು, ಕಣ್ಣು ಉರಿ. ಒಂದು ಡೋಲೊ ನುಂಗಿ ಬಂದಿದ್ದಾರೆ. ಈ ತಿಂಗಳು ಒಂದು ದಿನ ತಪ್ಪಿದರೂ ಹಾಜರಿ ಬೋನಸ್ ಕೈಬಿಟ್ಟುಹೋಗುತ್ತದೆ.

ಮಧ್ಯಾಹ್ನದೊಳಗೆ ಅವರ ಕೆಮ್ಮು ಅಕ್ಕಪಕ್ಕದ ಏಳೆಂಟು ಯಂತ್ರಗಳನ್ನು ಮುಟ್ಟಿರುತ್ತದೆ. ಬುಧವಾರ ಆ ಸಾಲಿನಲ್ಲಿ ಇಬ್ಬರು ಬರುವುದಿಲ್ಲ. ಶುಕ್ರವಾರ ಸೂಪರ್‌ವೈಸರು ಪಕ್ಕದ ಲೈನಿನಿಂದ ಆಪರೇಟರುಗಳನ್ನು ಎರವಲು ಕೇಳುತ್ತಾ ಓಡಾಡುತ್ತಿರುತ್ತಾರೆ.

ಇದು ಪ್ರತಿ ವರ್ಷ ಬಂದುಹೋಗುವ ಸಾಮಾನ್ಯ ಫ್ಲೂವಿನ ಕಥೆ. ಯಾರ ಮೈಗೂ ಪರಿಚಯವಿಲ್ಲದ ಹೊಸ ಫ್ಲೂ ವೈರಾಣು ಬಂದಾಗ ಇದೇ ಕಥೆ ಎಲ್ಲ ಲೈನುಗಳಲ್ಲಿ, ಎಲ್ಲ ಕಾರ್ಖಾನೆಗಳಲ್ಲಿ, ಬ್ಯಾಂಕು, ಬಸ್ ಡಿಪೊ, ಹಾಲಿನ ಡೇರಿಗಳಲ್ಲಿ ಒಂದೇ ತಿಂಗಳೊಳಗೆ ನಡೆಯುತ್ತದೆ.

ಕೋವಿಡ್ ಕಂಡ ಮೇಲೆ ಇದೆಲ್ಲ ಗೊತ್ತಿರುವ ಸಂಗತಿಯೇ ಎಂಬ ಧೈರ್ಯ ನಮ್ಮ ಕಚೇರಿ, ಕಾರ್ಖಾನೆಗಳಿಗೆ ಬಂದಿದೆ. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು ಸ್ಟೋರ್‌ರೂಮಿನಲ್ಲಿ ದೂಳು ತಿನ್ನುತ್ತಿದೆ, ಹಣೆಗೆ ಗುರಿಯಿಡುವ ಥರ್ಮಾಮೀಟರಿನ ಸೆಲ್ಲು ಸೋರಿದೆ. ಅವನ್ನು ಒರೆಸಿ ಗೇಟಿಗೆ ತಂದರೆ ಸಿದ್ಧತೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಜ್ವರ ಬಂದವರು ಸಂಬಳ ಕಳೆದುಕೊಳ್ಳುವ ಭಯವಿಲ್ಲದೆ ಮನೆಯಲ್ಲಿ ಉಳಿಯಬಹುದೇ? ಅವರು ಉಳಿದರೆ ಅವರ ಕೆಲಸ ಇನ್ನೊಬ್ಬರಿಗೆ ಬರುತ್ತದೆಯೇ? ಈ ಎರಡಕ್ಕೂ ಉತ್ತರವಿಲ್ಲದ ಕಡೆ ಸ್ಯಾನಿಟೈಸರಿನಿಂದ ಸಿಗುವುದು ಬರೀ ಸಮಾಧಾನ.

ಬೊಂಬಾಯಿಯ ಪಟ್ಟಿ

1918ರ ಜೂನ್ 10ರಂದು ಬೊಂಬಾಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲದ ಯಾವುದೋ ಜ್ವರ. ಆ ವರ್ಷದ ಜಾಗತಿಕ ಫ್ಲೂ ಪಿಡುಗು ನಗರದಲ್ಲಿ ಕಾಣಿಸಿಕೊಂಡದ್ದು ಹೀಗೆ. ಅವರಲ್ಲಿ ಒಬ್ಬನ ಡ್ಯೂಟಿ ಇದ್ದದ್ದು ಹಡಗುಕಟ್ಟೆಯಲ್ಲಿ. ಮೊದಲ ಮಹಾಯುದ್ಧದ ಕೊನೆಯ ವರ್ಷ, ಸೈನಿಕರನ್ನು ಹೊತ್ತ ಹಡಗುಗಳು ಬಂದುಹೋಗುತ್ತಿದ್ದ ಕಾಲ. ಆಮೇಲೆ ಕೆಲವೇ ದಿನಗಳಲ್ಲಿ ಜ್ವರ ಕಾಣಿಸಿಕೊಂಡ ಜಾಗಗಳನ್ನು ನೋಡಿ: ಹಡಗು ವ್ಯವಹಾರದ ಕಂಪನಿ, ಪೋರ್ಟ್ ಟ್ರಸ್ಟ್, ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕು, ತಂತಿ ಕಚೇರಿ, ಟಂಕಸಾಲೆ, ರೇಚಲ್ ಸಸೂನ್ ಮಿಲ್ಲು. ನಗರದ ಆರೋಗ್ಯಾಧಿಕಾರಿಯಾಗಿದ್ದ ಜೆ.ಎ. ಟರ್ನರ್ ಬರೆದಿಟ್ಟ ವರದಿಯಲ್ಲಿ ಇದು ದಾಖಲಾಗಿದೆ. ಪಟ್ಟಿಯಲ್ಲಿರುವ ಒಂದೊಂದು ಹೆಸರೂ ಒಂದೊಂದು ಕೆಲಸದ ಜಾಗ.

ಮಳೆ ಕಳೆದ ಮೇಲೆ ಎರಡನೆಯ ಅಲೆ ಬಂತು. ಮೊದಲನೆಯದಕ್ಕಿಂತ ಬಹಳ ಕ್ರೂರ. ಅಕ್ಟೋಬರ್ 6ರಂದು ಒಂದೇ ದಿನ ಬೊಂಬಾಯಿಯಲ್ಲಿ 768 ಸಾವು ದಾಖಲಾಯಿತು. ಇಡೀ ದೇಶದಲ್ಲಿ ಸತ್ತವರ ಅಂದಾಜು 1.2 ಕೋಟಿಯಿಂದ 1.8 ಕೋಟಿಯವರೆಗೆ ಇದೆ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳು ಅವು. ಮೈಸೂರು ಸಂಸ್ಥಾನವೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು.

ಸಾಮಾನ್ಯ ಫ್ಲೂ ಹಸುಗೂಸುಗಳನ್ನೂ ಮುದುಕರನ್ನೂ ಹೆಚ್ಚು ಕಾಡುತ್ತದೆ. 1918ರದು ಇಪ್ಪತ್ತರಿಂದ ನಲವತ್ತರೊಳಗಿನವರನ್ನು ಅಸಾಮಾನ್ಯ ಸಂಖ್ಯೆಯಲ್ಲಿ ಕೊಂದಿತು. ದುಡಿಯುವ ವಯಸ್ಸಿನವರೇ ಹಾಸಿಗೆ ಹಿಡಿದಾಗ ಹೊಲ, ಮಿಲ್ಲು, ರೈಲು ಯಾವುದಕ್ಕೂ ಕೈಗಳಿಲ್ಲದಾದವು. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು.

ಎಲ್ಲ ಪಿಡುಗೂ ಹೀಗೆಯೇ ಕೊಲ್ಲಬೇಕೆಂದಿಲ್ಲ. 1957ರ ಮೇ ತಿಂಗಳಲ್ಲಿ ಏಷ್ಯನ್ ಫ್ಲೂ ಸಿಂಗಪುರದ ಕಡೆಯಿಂದ ಹಡಗಿನಲ್ಲಿ ಮದರಾಸಿಗೆ ಬಂತು. ಅದರ ವೈರಾಣುವನ್ನು ಪರೀಕ್ಷಿಸಿದ್ದು ನೀಲಗಿರಿಯ ಕೂನೂರಿನಲ್ಲಿರುವ ಪಾಶ್ಚರ್ ಸಂಸ್ಥೆ. ಮುಂದಿನ ಒಂಬತ್ತು ತಿಂಗಳಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕಿದ ರೋಗಿಗಳು ಸುಮಾರು 44 ಲಕ್ಷ, ಲೆಕ್ಕಕ್ಕೆ ಸಿಕ್ಕಿದ ಸಾವು 1,098. ವೈದ್ಯರ ಲೆಕ್ಕದಲ್ಲಿ ಇದು ಸೌಮ್ಯ. ಆದರೆ ಹಾಜರಿ ಪುಸ್ತಕ ಇಡುವವನಿಗೆ 44 ಲಕ್ಷ ಎಂಬ ಸಂಖ್ಯೆಯೇ ಮುಖ್ಯ. ಸಾಯದೆ ಬರೀ ಒಂದು ವಾರ ಮಲಗಿದವನೂ ಕೆಲಸಕ್ಕೆ ಬರಲಿಲ್ಲ.

ಕೋವಿಡ್ ಪಾಠ ಅರ್ಧ ಮಾತ್ರ ಹೊಂದುತ್ತದೆ

ಫ್ಲೂ ವೈರಾಣು ಸದಾ ವೇಷ ಬದಲಿಸುತ್ತಿರುತ್ತದೆ. ವರ್ಷವರ್ಷ ಸಣ್ಣ ಬದಲಾವಣೆ, ಅದಕ್ಕೇ ವರ್ಷವರ್ಷ ಹೊಸ ಲಸಿಕೆ. ಎಂದೋ ಒಮ್ಮೆ ಹಕ್ಕಿಯ ಅಥವಾ ಹಂದಿಯ ಫ್ಲೂ ವೈರಾಣುವಿನ ಅಂಶ ಬೆರೆತು ಪೂರ್ತಿ ಹೊಸದೊಂದು ಹುಟ್ಟುತ್ತದೆ. ಅದು ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡತೊಡಗಿದರೆ ಜಾಗತಿಕ ಪಿಡುಗು. 1918, 1957, 1968, 2009 — ನೂರು ವರ್ಷಗಳೊಳಗೆ ನಾಲ್ಕು ಸಲ ಹೀಗಾಗಿದೆ. ಮುಂದಿನದು ಯಾವುದರಿಂದ ಎಂದು ಹೇಳಲು ಬಾರದು. ಸದ್ಯ ವಿಜ್ಞಾನಿಗಳು ಕಣ್ಣಿಟ್ಟಿರುವುದು ಎಚ್5ಎನ್1 ಹಕ್ಕಿಜ್ವರದ ಮೇಲೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದು 18 ಜನರಿಗೆ ತಗುಲಿ ಆರು ಮಂದಿ ತೀರಿಕೊಂಡರು. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಕಾಣಿಸಿಕೊಂಡಿತು. ನಮ್ಮ ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರದಲ್ಲೂ 2012ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಮನುಷ್ಯರ ನಡುವೆ ಸರಾಗವಾಗಿ ಹರಡುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ.

ಕೋವಿಡ್‌ಗೂ ಫ್ಲೂಗೂ ಕೆಲಸದ ಜಾಗದ ಮಟ್ಟಿಗೆ ಇರುವ ದೊಡ್ಡ ವ್ಯತ್ಯಾಸ ವೇಗ. 2020ರಲ್ಲಿ ಬಂದ ಕೊರೊನಾ ವೈರಾಣು ಮೈಹೊಕ್ಕ ಮೇಲೆ ಲಕ್ಷಣ ಕಾಣಲು ಐದಾರು ದಿನ ಹಿಡಿಯುತ್ತಿತ್ತು. ಹದಿನಾಲ್ಕು ದಿನದ ಕ್ವಾರಂಟೈನ್, ಸಂಪರ್ಕಿತರ ಪತ್ತೆ, ಕೈಗೆ ಮುದ್ರೆ, ಮನೆಗೆ ಪೋಸ್ಟರು ಎಲ್ಲವೂ ಆ ಲೆಕ್ಕದ ಮೇಲೆ ನಿಂತಿದ್ದವು. ಫ್ಲೂ ಒಂದರಿಂದ ನಾಲ್ಕು ದಿನದಲ್ಲಿ, ಸಾಮಾನ್ಯವಾಗಿ ಎರಡೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಜ್ವರ ಬರುವ ಒಂದು ದಿನ ಮುಂಚೆಯೇ ಹರಡಲು ತೊಡಗಿ, ಬಂದ ಮೇಲಿನ ಮೊದಲ ಮೂರು ದಿನ ಜೋರಾಗಿ ಹರಡುತ್ತದೆ. ಪರೀಕ್ಷೆಯ ಫಲಿತಾಂಶ ಕೈಗೆ ಬರುವಷ್ಟರಲ್ಲಿ ಅದು ಇನ್ನೆರಡು ಮನೆ ದಾಟಿರುತ್ತದೆ. ಫ್ಲೂವಿನಲ್ಲಿ ಸಂಪರ್ಕ ಹುಡುಕುತ್ತಾ ಕೂರುವ ಕಂಪನಿ ಯಾವಾಗಲೂ ಹಿಂದೆಯೇ ಉಳಿಯುತ್ತದೆ.

ಇನ್ನೊಂದು ವ್ಯತ್ಯಾಸ ಮಕ್ಕಳದು. ಕೋವಿಡ್‌ನ ಮೊದಲ ಅಲೆಯಲ್ಲಿ ಮಕ್ಕಳು ಬಹುಮಟ್ಟಿಗೆ ಪಾರಾದರು. ಫ್ಲೂ ಹರಡುವುದರಲ್ಲಿ ಮಕ್ಕಳದೇ ಮುಂದಾಳತ್ವ. ಶಾಲೆಯಿಂದ ಮನೆಗೆ, ಮನೆಯಿಂದ ಕಾರ್ಖಾನೆಗೆ. 2009ರಲ್ಲಿ ಹಂದಿಜ್ವರವೆಂದು ಕರೆದ ಎಚ್1ಎನ್1 ಬಂದಾಗ ದೇಶದ ಮೊದಲ ಸಾವು ಪುಣೆಯ ಹದಿನಾಲ್ಕರ ಹುಡುಗಿಯದು, ಆಗಸ್ಟ್ 3ರಂದು. ಅದರ ಬೆನ್ನಿಗೇ ಅಲ್ಲಿ ಶಾಲೆ, ಸಿನಿಮಾ ಮಂದಿರ, ಮಾಲುಗಳು ಮುಚ್ಚಿದವು. ಶಾಲೆ ಮುಚ್ಚಿದ ದಿನ ತಾಯಂದಿರ ಹಾಜರಿ ಏನಾಗುತ್ತದೆ ಎಂಬ ಪ್ರಶ್ನೆ ಹೆಂಗಸರೇ ಹೆಚ್ಚಿರುವ ಕಾರ್ಖಾನೆಗಳ ಯೋಜನೆಯಲ್ಲಿ ಮೊದಲ ಪುಟದಲ್ಲೇ ಇರಬೇಕು. ಬಸುರಿಯರಿಗೆ ಆ ಫ್ಲೂ ಹೆಚ್ಚು ಅಪಾಯಕಾರಿಯಾಗಿತ್ತು ಎಂಬುದೂ ಅಲ್ಲೇ ಬರೆದಿರಬೇಕಾದ ಮಾತು.

ನೂರರಲ್ಲಿ ಎಷ್ಟು ಜನ?

ಬ್ರಿಟನ್ ಸರ್ಕಾರ 2011ರಲ್ಲಿ ಮಾಡಿಕೊಂಡ ಫ್ಲೂ ಪಿಡುಗಿನ ಯೋಜನೆ ಒಂದು ಲೆಕ್ಕ ಕೊಟ್ಟಿತು. ಪಿಡುಗಿನ ಅವಧಿಯಲ್ಲಿ ಅರ್ಧದಷ್ಟು ನೌಕರರಿಗೆ ಎಂದಾದರೊಂದು ದಿನ ರಜೆ ಬೇಕಾಗಬಹುದು. ರೋಗ ಉತ್ತುಂಗದಲ್ಲಿರುವ ವಾರಗಳಲ್ಲಿ ಯಾವುದೇ ಒಂದು ದಿನ ನೂರಕ್ಕೆ 15ರಿಂದ 20 ಮಂದಿ ಗೈರು. ಸಣ್ಣ ತಂಡಗಳಲ್ಲಿ ಇದು 30ರಿಂದ 35 ಆಗಬಹುದು. ಅದಕ್ಕೂ ಮುಂಚೆ ಅಮೆರಿಕದ ಸರ್ಕಾರ, ತೀವ್ರ ಪಿಡುಗಾದರೆ ನೂರಕ್ಕೆ 40 ಎಂದು ಹಿಡಿಯಿರಿ ಎಂದಿತ್ತು. ಕಾಯಿಲೆ ಬಿದ್ದವರು, ಕಾಯಿಲೆಯವರನ್ನು ನೋಡಿಕೊಳ್ಳುವವರು, ಮಕ್ಕಳನ್ನು ಬಿಟ್ಟು ಬರಲಾಗದವರು, ಬಸ್ಸಿಲ್ಲದವರು, ಹೆದರಿ ಮನೆಯಲ್ಲಿ ಕೂತವರು ಎಲ್ಲ ಸೇರಿ.

ಇವು ಭವಿಷ್ಯವಾಣಿಗಳಲ್ಲ, ಲೆಕ್ಕ ಹಾಕಲು ಕೊಟ್ಟ ಅಂಕಿಗಳು. ನಿಮ್ಮ ಕಚೇರಿಯಲ್ಲಿ ಇವತ್ತು ಹತ್ತರಲ್ಲಿ ಮೂವರು ಬರದಿದ್ದರೆ, ಆ ಮೂವರು ಯಾರೆಂದು ಮೊದಲೇ ಗೊತ್ತಿಲ್ಲದಿದ್ದರೆ, ಯಾವ ಕೆಲಸ ನಿಲ್ಲುತ್ತದೆ? ಯೋಜನೆ ಶುರುವಾಗುವುದು ಈ ಪ್ರಶ್ನೆಯಿಂದ.

ಬಾಯ್ಲರ್ ಮುಂದಿನ ಮನುಷ್ಯ

ಈ ಪ್ರಶ್ನೆ ಕೇಳಿದಾಗ ಮ್ಯಾನೇಜರುಗಳ ಬಾಯಲ್ಲಿ ಬರುವುದು ಮ್ಯಾನೇಜರುಗಳ ಹೆಸರು. ಜನರಲ್ ಮ್ಯಾನೇಜರ್ ಹತ್ತು ದಿನ ಬರದಿದ್ದರೆ ಕಾರ್ಖಾನೆಗೆ ಅಂಥದ್ದೇನೂ ಆಗುವುದಿಲ್ಲ (ಅವರಿಗೆ ಇದನ್ನು ಹೇಳುವುದು ಕಷ್ಟ). ಬಾಯ್ಲರ್ ಅಟೆಂಡೆಂಟ್ ಬರದಿದ್ದರೆ ಆಗುತ್ತದೆ. ಪ್ರಮಾಣಪತ್ರ ಇರುವ ಅಟೆಂಡೆಂಟ್ ಇಲ್ಲದೆ ಬಾಯ್ಲರ್ ನಡೆಸುವಂತಿಲ್ಲ. ಬಾಯ್ಲರ್ ಇಲ್ಲದಿದ್ದರೆ ಹಬೆ ಇಲ್ಲ, ಹಬೆ ಇಲ್ಲದಿದ್ದರೆ ಇಸ್ತ್ರಿ ಇಲ್ಲ, ಇಸ್ತ್ರಿ ಇಲ್ಲದ ಅಂಗಿ ಡಬ್ಬಿಗೆ ಹೋಗುವುದಿಲ್ಲ. ಸಾವಿರ ಜನ ಹೊಲಿದದ್ದು ಒಬ್ಬನಿಗಾಗಿ ರಾಶಿ ಬೀಳುತ್ತದೆ.

ಇಂಥವರು ಎಲ್ಲ ಕಡೆಯೂ ಇದ್ದಾರೆ. ಜನರೇಟರ್ ನಡೆಸುವವರು, ಸಂಬಳದ ಫೈಲನ್ನು ಬ್ಯಾಂಕಿಗೆ ಕಳಿಸುವ ಪಾಸ್‌ವರ್ಡ್ ಇರುವವರು, ಚೆಕ್ಕಿಗೆ ಸಹಿ ಹಾಕುವ ಇಬ್ಬರು, ಹಳೆಯ ಯಂತ್ರದ ಗುಟ್ಟು ಗೊತ್ತಿರುವ ಮೆಕ್ಯಾನಿಕ್, ವ್ಯಾನಿನ ಡ್ರೈವರ್. ಒಂದೊಂದು ಕೆಲಸದ ಎದುರೂ ಮೂರು ಹೆಸರು ಬರೆಯಲು ಹೋದರೆ ಎಲ್ಲಿ ಎರಡನೆಯ ಹೆಸರೇ ಸಿಗುವುದಿಲ್ಲವೋ ಅಲ್ಲಿ ಸಂಸ್ಥೆ ಟೊಳ್ಳಾಗಿದೆ ಎಂದು ಗೊತ್ತಾಗುತ್ತದೆ. ಆ ಟೊಳ್ಳು ತುಂಬಲು ಪಿಡುಗಿನ ಕಾಲದಲ್ಲಿ ಸಮಯ ಸಿಗದು. ಈಗ, ಆರ್ಡರ್ ಕಡಿಮೆ ಇರುವ ತಿಂಗಳಲ್ಲಿ, ಕಾಲರ್ ಕೂರಿಸುವವರಿಗೆ ತೋಳು ಹಚ್ಚಲು ಕಲಿಸಬೇಕು. ಹಲವು ಕೆಲಸ ಬಲ್ಲ ಆಪರೇಟರಿಗೆ ಕೈಗೆ ನೂರಿನ್ನೂರು ಹೆಚ್ಚು ಕೊಡಬೇಕಾಗುತ್ತದೆ ಎಂದು ಕಲಿಸದೆ ಬಿಡುವ ಕಾರ್ಖಾನೆಗಳಿವೆ. ಆ ಉಳಿತಾಯ ಎಷ್ಟು ದುಬಾರಿ ಎಂದು ತಿಳಿಯುವುದು ಇಂಥ ವರ್ಷದಲ್ಲಿ.

1918ರ ಅಕ್ಟೋಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಲ್ ಟೆಲಿಫೋನ್ ಕಂಪನಿಯ ನೂರಾರು ಆಪರೇಟರುಗಳು ಕಾಯಿಲೆ ಬಿದ್ದರು. ತೀರಾ ಅಗತ್ಯವಿದ್ದರೆ ಮಾತ್ರ ಫೋನ್ ಮಾಡಿ ಎಂದು ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕಾಯಿತು. ಊರಿಗೆ ಊರೇ ಡಾಕ್ಟರನ್ನು ಕರೆಯಲು ಫೋನಿಗೆ ಕೈಹಾಕುತ್ತಿದ್ದ ವಾರವದು.

ನಿಲ್ಲಿಸಬಹುದಾದ ಕೆಲಸ ಯಾವುದು ಎಂದು ಗುರುತಿಸುವುದೂ ಇಷ್ಟೇ ಮುಖ್ಯ. ಹಾಲು ಒಕ್ಕೂಟಕ್ಕೆ ಆ ಆಯ್ಕೆ ಇಲ್ಲ. ಹಸು ದಿನಕ್ಕೆರಡು ಸಲ ಕರೆಯಲೇಬೇಕು, ಕರೆದದ್ದನ್ನು ತಂಪು ಮಾಡಲೇಬೇಕು. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿ ಹಾಲು ಮಿಕ್ಕಾಗ ಕರ್ನಾಟಕ ಸರ್ಕಾರ ಅದನ್ನು ಕೊಂಡು ಬಡವರ ಕೇರಿಗಳಲ್ಲಿ ಹಂಚಿತು. ಬೇಡಿಕೆ ಕುಸಿದರೂ ಡೇರಿಯ ಕೆಲಸ ಕುಸಿಯಲಿಲ್ಲ. ಆದರೆ ಅದೇ ಡೇರಿಯಲ್ಲಿ ಹೊಸ ನಮೂನೆಯ ಸಿಹಿತಿಂಡಿ ಮಾಡುವ ವಿಭಾಗ ಎರಡು ತಿಂಗಳು ಮುಚ್ಚಬಹುದು, ಅಲ್ಲಿನವರನ್ನು ಪ್ಯಾಕೆಟ್ ಹಾಲಿನ ಕಡೆಗೆ ತರಬಹುದು. ಲೆಕ್ಕಪರಿಶೋಧನೆ, ತರಬೇತಿ ಶಿಬಿರ, ವಾರ್ಷಿಕೋತ್ಸವ, ಮೂರು ಮಟ್ಟದ ಮಂಜೂರಾತಿ ಮುಂತಾದವು ನಿಂತರೆ ಯಾರಿಗೆ ತೊಂದರೆ ಎಂದು ಮೊದಲೇ ಕೂತು ಬರೆದಿಟ್ಟರೆ, ಬರುವ ಏಳು ಜನರಿಂದ ಹತ್ತು ಜನರ ಕೆಲಸ ಮಾಡಿಸುವ ಕಷ್ಟ ತಪ್ಪುತ್ತದೆ.

ಮನೆಯಿಂದ ಕೆಲಸ ಎಂಬ ಉತ್ತರ ಬೆಂಗಳೂರಿಗೆ ಬಹಳ ಸಲೀಸಾಗಿ ನಾಲಿಗೆಗೆ ಬರುತ್ತದೆ. ಐಟಿಯವರಿಗೆ ಅದು ನಿಜವಾದ ಉತ್ತರವೇ. ಆದರೂ 2020ರ ಮಾರ್ಚ್‌ನಲ್ಲಿ ಕಾಲ್ ಸೆಂಟರುಗಳ ನೌಕರರು ಮನೆಗೆ ಹೋಗಬೇಕಾದರೆ ದೂರಸಂಪರ್ಕ ಇಲಾಖೆ ತನ್ನ ನಿಯಮ ಸಡಿಲಿಸಬೇಕಾಯಿತು. ಡೆಸ್ಕ್‌ಟಾಪ್ ಕಂಪ್ಯೂಟರುಗಳು ಟೆಂಪೊ ಹತ್ತಿದವು. ಹೊಲಿಗೆ ಯಂತ್ರ, ಲೇತು, ಬಸ್ಸಿನ ಸ್ಟೀರಿಂಗು ಮನೆಗೆ ಹೋಗುವುದಿಲ್ಲ. ಈ ಲೇಖನ ಮುಖ್ಯವಾಗಿ ಅವುಗಳ ಮುಂದೆ ದುಡಿಯುವವರ ಬಗ್ಗೆ.

ಮೊದಲ ಎರಡು ದಿನ

ಇನ್ನು ಸಂಬಳದ ಮಾತು. ಇಡೀ ವಿಷಯದ ಮರ್ಮ ಇಲ್ಲಿದೆ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಖಾನೆ, ಅಂಗಡಿ, ಹೋಟೆಲುಗಳ ನೌಕರರಿಗೆ ಕಾಯಿಲೆ ಬಿದ್ದಾಗ ದಿನದ ಸರಾಸರಿ ಕೂಲಿಯ ನೂರಕ್ಕೆ 70ರಷ್ಟು ನಗದು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಬಹಳ ದೇಶಗಳಲ್ಲಿ ಕೂಲಿಯವರಿಗೆ ಇಷ್ಟೂ ಇಲ್ಲ. ಇದನ್ನು ಕಡೆಗಣಿಸಿ ಮಾತಾಡಬಾರದು. ಆದರೆ ಒಂದು ನಿಯಮವಿದೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಈ ಹಣ ಇಲ್ಲ, ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಬಿದ್ದಿದ್ದರೆ ಹೊರತು. ಸಣ್ಣಪುಟ್ಟ ನೆಗಡಿಗೆಲ್ಲ ಅರ್ಜಿ ಹಾಕದಿರಲಿ ಎಂಬ ಆಡಳಿತದ ತರ್ಕ ಅದರ ಹಿಂದೆ ಇರಬಹುದು, ಮಾಮೂಲು ಕಾಲಕ್ಕೆ ಅದು ಸರಿಯೂ ಇರಬಹುದು.

ಫ್ಲೂವಿನ ಗಡಿಯಾರವನ್ನು ಅದರ ಪಕ್ಕ ಇಟ್ಟು ನೋಡಿ. ರೋಗ ಅತಿ ಹೆಚ್ಚು ಹರಡುವ ದಿನಗಳು ಜ್ವರ ಬಂದ ಮೊದಲನೆಯದು, ಎರಡನೆಯದು, ಮೂರನೆಯದು. ದುಡ್ಡು ಸಿಗದ ದಿನಗಳು ಮೊದಲನೆಯದು, ಎರಡನೆಯದು. ದಿನಗೂಲಿಯಲ್ಲಿ ಮನೆ ನಡೆಸುವವರು ಆ ಎರಡು ದಿನ ಮಾತ್ರೆ ನುಂಗಿ ಬಂದು, ಮೂರನೆಯ ದಿನ ತೀರಾ ಆಗದಾಗ ಮಲಗುತ್ತಾರೆ. ಬಾಡಿಗೆ, ಸಂಘದ ಸಾಲದ ಕಂತು ಇರುವವರು ಮಾಡುವ ಲೆಕ್ಕ ಅದು, ಅದರಲ್ಲಿ ಬೇಜವಾಬ್ದಾರಿ ಹುಡುಕುವುದು ತಪ್ಪು.

ಹಾಜರಿ ಬೋನಸ್ ಇದೇ ದಿಕ್ಕಿಗೆ ಇನ್ನೊಂದು ತಳ್ಳು ಕೊಡುತ್ತದೆ. ತಿಂಗಳಿಡೀ ತಪ್ಪದೆ ಬಂದವರಿಗೆ ಮಾತ್ರ ಕೊಡುವ ಹಣ, ಜ್ವರದ ಕಾಲದಲ್ಲಿ ಜ್ವರ ಹೊತ್ತು ಬಂದವರಿಗೆ ಕೊಡುವ ಬಹುಮಾನವಾಗುತ್ತದೆ. ಕಾರ್ಖಾನೆಗಳ ಕಾಯ್ದೆ ದಶಕಗಳಿಂದ ಕೊಟ್ಟದ್ದು ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಗಳಿಕೆ ರಜೆ. ಕಾಯಿಲೆಗೆಂದೇ ಪ್ರತ್ಯೇಕ ರಜೆ ಅದರಲ್ಲಿರಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನ ಸಂಬಳಸಹಿತ ಕಾಯಿಲೆ ರಜೆ ಹೇಳುತ್ತದೆ. ಅಂಗಡಿಯವರು ಎಷ್ಟು ಮಂದಿ ಅದನ್ನು ಕೇಳಿ ಪಡೆದಿದ್ದಾರೆ ಎಂಬುದು ಚಿಕ್ಕಪೇಟೆಯಲ್ಲಿ ನಿಂತು ವಿಚಾರಿಸಬೇಕಾದ ಸಂಗತಿ.

ಹಾಗಾಗಿ ಮಾಲೀಕರು ಮೊದಲು ಬರೆಯಬೇಕಾದ ಸಾಲು ಇದು: ಪಿಡುಗು ಘೋಷಣೆಯಾದ ದಿನದಿಂದ, ಜ್ವರವೆಂದು ಉಳಿದವರ ಮೊದಲ ಎರಡು ದಿನದ ಸಂಬಳ ಕಂಪನಿಯದು, ಹಾಜರಿ ಬೋನಸ್ ಕಡಿತ ಇಲ್ಲ. ಡಾಕ್ಟರ ಸರ್ಟಿಫಿಕೇಟ್ ಕೇಳಬಾರದು. ಒಂದು ಕಾಗದಕ್ಕಾಗಿ ಜ್ವರದವರನ್ನು ಡಿಸ್ಪೆನ್ಸರಿಯ ಸಾಲಿನಲ್ಲಿ ನಿಲ್ಲಿಸುವುದು ರೋಗ ಹಂಚುವ ಇನ್ನೊಂದು ವಿಧಾನ. ಇಎಸ್‌ಐ ಹಣಕ್ಕೆ ಮೂರನೆಯ ದಿನದಿಂದ ಪ್ರಮಾಣಪತ್ರ ಬೇಕಾಗಬಹುದು, ಕಂಪನಿಗೆ ಫೋನಿನಲ್ಲಿ ಹೇಳಿದ ಮಾತು ಸಾಕು. ಸುಳ್ಳು ಹೇಳಿ ರಜೆ ತೆಗೆದುಕೊಳ್ಳುವವರು ಇರುತ್ತಾರೆ, ಹೌದು. ಒಬ್ಬರ ಸುಳ್ಳು ರಜೆಗೆ ಹೋಗುವುದು ಎರಡು ದಿನದ ಕೂಲಿ. ಒಬ್ಬರ ನಿಜವಾದ ಜ್ವರ ಲೈನಿಗೆ ಬಂದು ಕೂತರೆ ಹೋಗುವುದು ಇಡೀ ಲೈನು.

ವಾಪಸು ಬರುವ ನಿಯಮವೂ ಸರಳ ಇರಲಿ. ಪ್ಯಾರಾಸಿಟಮಾಲ್ ಇಲ್ಲದೆ ಇಪ್ಪತ್ನಾಲ್ಕು ಗಂಟೆ ಜ್ವರ ಬಾರದಿದ್ದರೆ ಬರಬಹುದು, ಕೆಮ್ಮು ಇದ್ದರೆ ಕೆಲವು ದಿನ ಮಾಸ್ಕ್ ಹಾಕಿಕೊಂಡು.

ಈ ನಿಯಮಗಳು ಪೇರೋಲಿನಲ್ಲಿ ಇರುವವರಿಗಷ್ಟೇ ಅನ್ವಯಿಸಿದರೆ ಅರ್ಧ ಕೆಲಸವೂ ಆಗಲಿಲ್ಲ. ಗೇಟಿನ ಸೆಕ್ಯುರಿಟಿ ಗಾರ್ಡು, ಎಲ್ಲ ಮಹಡಿಯ ಶೌಚಾಲಯ ತೊಳೆಯುವ ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರು ಗುತ್ತಿಗೆಯವರು. ಇಡೀ ಕಟ್ಟಡದಲ್ಲಿ ದಿನವೂ ಎಲ್ಲರ ಹತ್ತಿರ ಹೋಗುವವರು ಇವರೇ, ರಜೆ ಕೇಳಲು ಅತಿ ಹೆಚ್ಚು ಹೆದರುವವರೂ ಇವರೇ. ಗುತ್ತಿಗೆ ಪತ್ರದಲ್ಲೇ ಈ ಎರಡು ದಿನದ ಸಂಬಳದ ಸಾಲು ಸೇರಿಸಬೇಕು, ಅದರ ಹಣ ಕಂಪನಿಯೇ ಕೊಡಬೇಕು. ಗುತ್ತಿಗೆದಾರನ ಒಳ್ಳೆಯತನಕ್ಕೆ ಬಿಟ್ಟರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ.

ಕಿಟಕಿ, ಊಟದ ಸಾಲು, ವ್ಯಾನು

ಜನ ಬಂದ ಮೇಲೆ ಒಳಗಿನ ಗಾಳಿಯ ಮಾತು. ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡಿ ಬಿಡುತ್ತದೆ, ಹೊರಗಿನಿಂದ ಹೊಸ ಗಾಳಿ ತರುವುದಿಲ್ಲ. ಹೊಸ ಗಾಳಿ ಬೇಕಾದರೆ ಕಿಟಕಿ ತೆರೆಯಬೇಕು, ಎಕ್ಸಾಸ್ಟ್ ಫ್ಯಾನು ತಿರುಗಬೇಕು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷದಲ್ಲಿ 420 ಭಾಗದಷ್ಟಿದೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಅಳತೆಯಂತ್ರ ಮೀಟಿಂಗ್ ರೂಮಿನಲ್ಲಿ ಸಾವಿರ ದಾಟಿದ್ದನ್ನು ತೋರಿಸಿದರೆ, ಅಲ್ಲಿ ಕೂತವರು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಬೆಂಗಳೂರಿನ ಹವೆಯಲ್ಲಿ ಕಿಟಕಿಗಳನ್ನು ಮೊಳೆ ಹೊಡೆದು ಮುಚ್ಚಿಟ್ಟಿರುವ ಕಟ್ಟಡಗಳಿರುವುದೇ ಒಂದು ವಿಚಿತ್ರ.

ಮಾಸ್ಕು, ಸೋಪು, ಕೈತೊಳೆಯುವ ನಲ್ಲಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫ್ಲೂ ಕೈಯಿಂದಲೂ ಹರಡುತ್ತದೆ. ಸೋಪು ನೀರು ಸಾಕು, ಆದರೆ ಊಟದ ಗಂಟೆ ಹೊಡೆದಾಗ ಮುನ್ನೂರು ಜನಕ್ಕೆ ನಾಲ್ಕು ನಲ್ಲಿ ಇದ್ದರೆ ಯಾರೂ ತೊಳೆಯುವುದಿಲ್ಲ. ಅಪಾಯದ ಮಟ್ಟ ನೋಡಿ ಮಾಸ್ಕ್ ಹಂಚಬೇಕು. ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ 2007ರಲ್ಲಿ ಫ್ಲೂ ಪಿಡುಗಿಗೆಂದು ಹೊರಡಿಸಿದ ಕೈಪಿಡಿ ಉದ್ಯೋಗಗಳನ್ನು ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿತು: ತುದಿಯಲ್ಲಿ ರೋಗಿಯ ಗಂಟಲಿಗೆ ಕೊಳವೆ ಹಾಕುವ ವೈದ್ಯರು, ನಡುವೆ ದಿನವಿಡೀ ಸಾರ್ವಜನಿಕರ ಮುಖ ನೋಡುವವರು, ಕೆಳಗೆ ತಮ್ಮಷ್ಟಕ್ಕೆ ಕೂತು ಕೆಲಸ ಮಾಡುವವರು. ನಮ್ಮಲ್ಲಿ ನಡುವಿನ ಮೆಟ್ಟಿಲು ಬಹಳ ದೊಡ್ಡದು. ಬಸ್ ಕಂಡಕ್ಟರ್, ಬ್ಯಾಂಕಿನ ಕ್ಯಾಷಿಯರ್, ನ್ಯಾಯಬೆಲೆ ಅಂಗಡಿಯವರು, ನಾಡಕಚೇರಿಯ ಗುಮಾಸ್ತರು ಎಲ್ಲರೂ ಅಲ್ಲಿದ್ದಾರೆ.

ಕಾರ್ಖಾನೆಗೆ ಬರುವ ದಾರಿಯೂ ಕೆಲಸದ ಜಾಗದ ಭಾಗವೇ. ಹದಿನಾಲ್ಕು ಸೀಟಿನ ವ್ಯಾನಿನಲ್ಲಿ ಗಾಜು ಏರಿಸಿಕೊಂಡು ಇಪ್ಪತ್ತೈದು ಜನ ಒಂದೂವರೆ ಗಂಟೆ ಬಂದ ಮೇಲೆ ಗೇಟಿನಲ್ಲಿ ಆರಡಿ ದೂರ ನಿಲ್ಲಿಸುವುದು ತಮಾಷೆ. 1918ರಲ್ಲಿ ನ್ಯೂಯಾರ್ಕಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಈ ಸಮಸ್ಯೆಗೆ ಕಂಡುಕೊಂಡ ಉಪಾಯ ಇವತ್ತಿಗೂ ಚೆನ್ನಾಗಿದೆ. ಕಚೇರಿ, ಅಂಗಡಿ, ಕಾರ್ಖಾನೆಗಳನ್ನು ಮುಚ್ಚಿಸುವ ಬದಲು ಅವುಗಳ ಶುರು ಮತ್ತು ಮುಕ್ತಾಯದ ವೇಳೆಯನ್ನು ಒಂದಕ್ಕೊಂದು ತಪ್ಪಿಸಿಟ್ಟು, ರೈಲುಗಳ ನೂಕುನುಗ್ಗಲು ಕಡಿಮೆ ಮಾಡಿದರು. ಪಾಳಿಗಳ ನಡುವೆ ಅರ್ಧ ಗಂಟೆ ಬಿಡುವು, ಊಟಕ್ಕೆ ಮೂರು ಸರದಿ, ಒಂದು ತಂಡದವರು ಇನ್ನೊಂದು ತಂಡವನ್ನು ಎದುರುಗೊಳ್ಳದಂತೆ ಬೇರೆ ಬಾಗಿಲು: ಇವಕ್ಕೆ ದುಡ್ಡಿಗಿಂತ ಹೆಚ್ಚು ತಾಳ್ಮೆ ಬೇಕು. ಬಯೋಮೆಟ್ರಿಕ್ ಬೆರಳಚ್ಚು ಯಂತ್ರದ ಮುಂದಿನ ಸಾಲನ್ನು ಮೊದಲ ದಿನವೇ ಎತ್ತಬೇಕು. 2020ರ ಮಾರ್ಚ್ ಮೊದಲ ವಾರದಲ್ಲೇ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಅದನ್ನು ನಿಲ್ಲಿಸಿತ್ತು.

ಲಸಿಕೆ ತಡವಾಗಿ ಬರುತ್ತದೆ

ಹೊಸ ವೈರಾಣುವಿಗೆ ಲಸಿಕೆ ಮಾಡಲು ಹಳೆಯ, ಕೋಳಿಮೊಟ್ಟೆಯ ವಿಧಾನದಲ್ಲಿ ಐದಾರು ತಿಂಗಳು ಹಿಡಿಯುತ್ತದೆ. 2009ರ ಏಪ್ರಿಲಿನಲ್ಲಿ ಎಚ್1ಎನ್1 ಪತ್ತೆಯಾಯಿತು, ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪಿಡುಗೆಂದು ಘೋಷಿಸಿತು. ಭಾರತದಲ್ಲೇ ತಯಾರಾದ ಲಸಿಕೆಗಳು ಬಂದದ್ದು 2010ರ ಜೂನ್, ಜುಲೈನಲ್ಲಿ. ಆಗಸ್ಟ್ 10ರಂದು ಪಿಡುಗು ಮುಗಿಯಿತು ಎಂಬ ಘೋಷಣೆಯೂ ಬಂತು. ಎಂಆರ್‌ಎನ್‌ಎ ವಿಧಾನ ಈ ಅಂತರ ತಗ್ಗಿಸಬಹುದು, ಆದರೆ ಮೊದಲ ಅಲೆಯನ್ನು ಲಸಿಕೆ ಇಲ್ಲದೆಯೇ ದಾಟಬೇಕು ಎಂದು ಇಟ್ಟುಕೊಳ್ಳುವುದು ಜಾಣತನ. ಫ್ಲೂ ಚಿಕಿತ್ಸೆಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ. ಮತ್ತೆ ಅದೇ ಮೊದಲ ಎರಡು ದಿನ.

ಹಾಜರಿ ಪುಸ್ತಕ ಓದುವುದು

ಯೋಜನೆ ಯಾವಾಗ ಜಾರಿಗೆ ಬರಬೇಕು? ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡುವ ಘೋಷಣೆಗೂ ಪೀಣ್ಯದ ಶೆಡ್ಡಿಗೂ ನಡುವೆ ವಾರಗಳ ಅಂತರ ಇರಬಹುದು, ಇಲ್ಲದೆಯೂ ಇರಬಹುದು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರನಲ್ಲಿ ಕೋವಿಡ್ ಕಂಡುಬಂದು, ನೋಡನೋಡುತ್ತ ಹತ್ತಾರು ನೌಕರರಿಗೆ, ಅವರ ಮನೆಯವರಿಗೆ ಹರಡಿ ಮೈಸೂರು ಜಿಲ್ಲೆ ತತ್ತರಿಸಿತು. ಆಗ ದೇಶದ ಎಲ್ಲ ಎಚ್ಚರಿಕೆಯ ಗಂಟೆಗಳೂ ಬಾರಿಸಿ ಆಗಿತ್ತು.

ಕಾರ್ಖಾನೆಯ ಕೈಯಲ್ಲೇ ಒಂದು ಒಳ್ಳೆಯ ಸೂಚಕವಿದೆ, ಹಾಜರಿ ಪುಸ್ತಕ. ಅದನ್ನು ಸಂಬಳ ಕಡಿತಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಒಂದೇ ಲೈನಿನಿಂದ, ಒಂದೇ ವ್ಯಾನಿನಿಂದ ಮೂರು ದಿನದಲ್ಲಿ ನಾಲ್ವರು ಗೈರಾದರೆ ಆ ಸುದ್ದಿ ಎಚ್‌ಆರ್ ವಿಭಾಗದ ಕಂಪ್ಯೂಟರಿನಲ್ಲಿ ಆರೋಗ್ಯ ಇಲಾಖೆಗಿಂತ ಮೊದಲೇ ಇರುತ್ತದೆ. ಯಾರೋ ಒಬ್ಬರು ಪ್ರತಿ ಸಂಜೆ ಅದನ್ನು ನೋಡಬೇಕು, ಇಷ್ಟು ದಾಟಿದರೆ ಇಂಥವರು ನಿರ್ಧರಿಸಬೇಕು ಎಂದು ಹೆಸರು ಸಹಿತ ಬರೆದಿರಬೇಕು. ಆ ಹೆಸರಿಗೂ ಎರಡನೆಯ, ಮೂರನೆಯ ಹೆಸರು ಬೇಕು. ನಿರ್ಧರಿಸುವವರಿಗೂ ಜ್ವರ ಬರುತ್ತದೆ.

ಅಲೆ ಇಳಿದ ಕೂಡಲೇ ಎಲ್ಲ ನಿಯಮ ಕಿತ್ತುಹಾಕುವ ಆತುರ ಎಲ್ಲ ಕಡೆ ಬರುತ್ತದೆ. 1918ರ ಜೂನ್ ಅಲೆ ಬೊಂಬಾಯಿಯಲ್ಲಿ ಆಗಸ್ಟ್ ಹೊತ್ತಿಗೆ ತಣ್ಣಗಾಗಿತ್ತು, 768 ಸಾವಿನ ದಿನ ಬಂದದ್ದು ಅದಾದ ಮೇಲೆ. ಮೊದಲ ಅಲೆಯಲ್ಲಿ ಯಾವ ಕೆಲಸ ನಿಂತಿತು, ಯಾರ ಬದಲಿಗೆ ಯಾರು ಸಿಗಲಿಲ್ಲ ಎಂದು ಬರೆದುಕೊಂಡು ಪಟ್ಟಿ ತಿದ್ದಲು ಸಿಗುವ ಬಿಡುವು ಅದೊಂದೇ.

ಹತ್ತು ಜನರ ಶೆಡ್ಡು

ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ಮಾಡಲು ಒಂದು ವಿಭಾಗವೇ ಇರುತ್ತದೆ. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗಗಳಲ್ಲಿ ಹತ್ತು ಜನ ಇಟ್ಟುಕೊಂಡು ಲೇತು ನಡೆಸುವವರಿಗೆ ಯೋಜನೆ ಎಂದರೆ ಒಂದು ಹಾಳೆ. ಹತ್ತೂ ಜನರ ಫೋನ್ ನಂಬರು, ಮನೆಯ ಇನ್ನೊಬ್ಬರ ನಂಬರು. ಯಾವ ಯಂತ್ರ ಯಾರಿಗೆ ಬರುತ್ತದೆ. ಪಕ್ಕದ ಶೆಡ್ಡಿನವರ ಜತೆ ಒಂದು ಒಪ್ಪಂದ: ನಿಮ್ಮ ಟರ್ನರ್ ಮಲಗಿದರೆ ನಮ್ಮವನು ಅರ್ಧ ದಿನ, ನಮ್ಮವನು ಮಲಗಿದರೆ ನಿಮ್ಮವನು. ಮಾಲು ಕೊಳ್ಳುವ ದೊಡ್ಡ ಕಂಪನಿಯೊಡನೆ, ಪಿಡುಗಿನ ಕಾಲದಲ್ಲಿ ತಡವಾದರೆ ದಂಡ ಇಲ್ಲ ಎಂಬ ಒಂದು ಪತ್ರ. ಇದನ್ನು ಒಬ್ಬರೇ ಕೇಳಿದರೆ ಸಿಗುವುದಿಲ್ಲ, ಕೈಗಾರಿಕಾ ಸಂಘ ಎಲ್ಲರ ಪರವಾಗಿ ಕೇಳಬೇಕು. ಕಚ್ಚಾ ಮಾಲು ಮೂರು ವಾರಕ್ಕಾಗುವಷ್ಟು ಹೆಚ್ಚು.

ಕೊನೆಯದಾಗಿ ಜ್ವರದ ಎರಡು ದಿನದ ಕೂಲಿ. ದಿನಕ್ಕೆ 700 ರೂಪಾಯಿ ಎಂದು ಹಿಡಿದರೆ, ಹತ್ತು ಜನರಲ್ಲಿ ಐವರು ಮಲಗಿದರೂ ಇಡೀ ಪಿಡುಗಿಗೆ 7,000 ರೂಪಾಯಿ. ಅದನ್ನು ಬೇರೆ ತೆಗೆದಿಟ್ಟು, ತೆಗೆದಿಟ್ಟಿದ್ದೇನೆ ಎಂದು ಕೆಲಸದವರಿಗೆ ಈಗಲೇ ಹೇಳಬೇಕು. ಜ್ವರ ಬಂದ ರಾತ್ರಿ ನಾಳೆ ಹೋಗುವುದೋ ಬೇಡವೋ ಎಂದು ಲೆಕ್ಕ ಹಾಕುವ ಹೊತ್ತಿಗೆ ಅವರಿಗೆ ಅದು ಗೊತ್ತಿರಬೇಕು.